ಸದ್ದಡಗಿದ ಕಿಡಿ

ಪ್ರಯೋಗಾಲಯದಲ್ಲಿ 'ಚಟಾರ್' ಎಂದಿತು. ಗೋಡೆಯಾಚೆ ಗುಮಾಸ್ತರ ಕಂಪ್ಯೂಟರ್ ಆರಿಹೋಯಿತು. ಎಲ್ಲರೂ 'ಕಿಡಿ ಮೇಷ್ಟ್ರು' ಎನ್ನುವ ಭೌತಶಾಸ್ತ್ರದ ಮೇಷ್ಟ್ರ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಮೇಷ್ಟ್ರ ಆರು ವರ್ಷದ ತಪಸ್ಸು ಇಷ್ಟೇ: ಒಂದು ಸೂಜಿ, ಎದುರಿಗೊಂದು ತಾಮ್ರದ ತಟ್ಟೆ, ನಡುವೆ ಬರೀ ಗಾಳಿ. ಸೂಜಿಗೆ ಸೆಕೆಂಡಿಗೆ ಇನ್ನೂರು ಸಲ ವಿದ್ಯುತ್ತಿನ ಏಟು ಕೊಟ್ಟರೆ ಆ ಗಾಳಿ ನೇರಳೆಯಾಗಿ, ತಣ್ಣಗೆ ಹೊಳೆಯಬೇಕು. ಏಟು ಕೂದಲೆಳೆಯಷ್ಟು ಉದ್ದವಾದರೂ ಹೊಳಪು ಹೋಗಿ ಪುಟ್ಟ ಸಿಡಿಲೇ ಹುಟ್ಟುತ್ತಿತ್ತು.

ಗುಮಾಸ್ತರು ನಿರ್ದೇಶಕರನ್ನೇ ಕರೆತಂದರು. "ಇವತ್ತಿಗೆ ಮೂರನೇ ಸಲ ಸಾರ್. ಟೈಪ್ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

"ನಾಲ್ಕು ಗಂಟೆಗೆ ಬರ್ತೀನಿ," ಎಂದರು ನಿರ್ದೇಶಕರು. "ಹತ್ತು ನಿಮಿಷ ಸದ್ದಿಲ್ಲದೆ ಉರಿಸಿ ತೋರಿಸಿ. ಇಲ್ಲ ಅಂದ್ರೆ ಯಂತ್ರ ಉಗ್ರಾಣಕ್ಕೆ."

"ಆಗಲಿ ಸಾರ್. ಒಂದು ಕೈ ನೋಡೇಬಿಡ್ತೀನಿ," ಎಂದು ಮೇಷ್ಟ್ರು ಅಂಗಿಯ ತೋಳು ಮಡಿಸಿದರು.

ಸುದ್ದಿ ತಿಳಿದು ರಸಾಯನಶಾಸ್ತ್ರದ ಮೇಡಂ ಟೇಬಲ್ ಫ್ಯಾನ್ ಹೊತ್ತು ಬಂದರು. "ಬಿಸಿ ಗಾಳಿ ನಿಂತಲ್ಲೇ ನಿಂತ್ರೆ ಸಿಡಿಯುತ್ತೆ ಮೇಷ್ಟ್ರೇ. ಓಡಿಸಿ ಅದನ್ನ." ಗಾಳಿಯೇನೋ ಓಡಿತು, ಮೇಜಿನ ಮೇಲಿದ್ದ ಕಾಗದಗಳೂ ಓಡಿದವು. ಒಂದು ಚೂರು ನೇರ ಸೂಜಿಗೇ ತಗುಲಿತು. ಚಟಾರ್. ಗೋಡೆಯಾಚೆಯಿಂದ "ಹೋಯ್ತು" ಎಂಬ ನರಳಾಟ.

ಕಸ ಗುಡಿಸುವ ಅಕ್ಕ, "ಧೂಳಿಗೇ ಹಿಂಗಾಗೋದು, ತಾಳಿ," ಎಂದು ಯಂತ್ರ ಆರಿದ್ದ ಗಳಿಗೆ ನೋಡಿ ತಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮತ್ತೆ ಹಚ್ಚಿದಾಗ ಚಟಾರ್, ಚಟಾರ್.

"ಬುದ್ಧಿ ಹೇಳೋಕೆ ಹತ್ತು ಜನ, ಬೈಸಿಕೊಳ್ಳೋಕೆ ನಾನೊಬ್ಬ," ಎಂದು ಮೇಷ್ಟ್ರು ಇಬ್ಬರನ್ನೂ ಕೈಮುಗಿದು ಕಳಿಸಿ ಚಿಲಕ ಹಾಕಿದರು. ಬುತ್ತಿ ಬಿಚ್ಚಲಿಲ್ಲ. ಸೂಜಿಯ ಮೊನೆ ಉಜ್ಜಿ ನಯಮಾಡಿದರು, ಏಟನ್ನು ಚೂರುಚೂರೇ ಗಿಡ್ಡ ಮಾಡಿದರು. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಮೇಡಂ ಬಿಟ್ಟುಹೋಗಿದ್ದ ಫ್ಯಾನನ್ನೂ ಮೆಲ್ಲಗೆ ತಿರುಗಿಸಿದರು. ಮೇಡಂ ಹೇಳಿದ್ದು ಸರಿಯಾಗಿಯೇ ಇತ್ತು.

ನಾಲ್ಕಕ್ಕೆ ನಿರ್ದೇಶಕರು ಬಂದರು. ಹತ್ತು ನಿಮಿಷ ನೇರಳೆ ಬೆಳಕು ಅಲುಗದೆ ನಿಂತಿತು, ಜೇನ್ನೊಣದಷ್ಟೇ ಸದ್ದು.

"ಭೇಷ್ ಮೇಷ್ಟ್ರೇ. ಯಂತ್ರ ಇಲ್ಲೇ ಇರಲಿ."

ಮೇಷ್ಟ್ರ ಕಣ್ಣು ತುಂಬಿ ಬಂತು. ಗುಮಾಸ್ತರಿಗೂ ತಿಳಿಸೋಣವೆಂದು ಇಬ್ಬರೂ ಪಕ್ಕದ ಕೋಣೆಗೆ ಹೋದರು.

ಕಂಪ್ಯೂಟರ್ ಆರಿತ್ತು. ಗುಮಾಸ್ತರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮೇಜಿನ ಕೆಳಗೆ ಚಾಚಿದ ಕಾಲಿನ ಬುಡದಲ್ಲಿ ಕಿತ್ತುಬಂದ ಪ್ಲಗ್ಗು ಬಿದ್ದಿತ್ತು.

"ಇಷ್ಟು ದಿನ ಸದ್ದಿಗೆ ಬೆಚ್ಚಿ ಪ್ಲಗ್ಗಿಗೆ ಒದೀತಿದ್ರು," ಎಂದರು ಮೇಷ್ಟ್ರು, ಮೆಲುದನಿಯಲ್ಲಿ. "ಈಗ ನಿದ್ದೇಲಿ ಒದ್ದಿದಾರೆ. ನನ್ನ ಯಂತ್ರದ ತಪ್ಪು ಏನೂ ಇಲ್ಲ ಸಾರ್."

ನಿರ್ದೇಶಕರು ಗೊರಕೆಯನ್ನು ಪೂರ್ತಿ ಒಂದು ನಿಮಿಷ ಕೇಳಿಸಿಕೊಂಡರು.

"ಕಂಪ್ಯೂಟರ್ ಹೇಗಿದ್ರೂ ಆರುತ್ತೆ. ಮೊದಲು ಮನುಷ್ಯನಾದ್ರೂ ಎಚ್ಚರ ಇರ್ತಿದ್ದ. ನಾಳೆಯಿಂದ ಅರ್ಧ ಗಂಟೆಗೊಂದು ಸಲ ಸಿಡಿಸಿ ಮೇಷ್ಟ್ರೇ. ಸದ್ದು ಬರಲಿಲ್ಲ ಅಂದ್ರೆ ಯಂತ್ರ ಉಗ್ರಾಣಕ್ಕೆ."