ಒಂದೇ ಸೂರಿನ ಕಾಯಿದೆ

ಮನೆ ಬಿಡಿ ಎಂದದ್ದಕ್ಕೆ ಬಿಬಿಜಾನ್‌ಗೆ ಸಿಟ್ಟು ಬರಲಿಲ್ಲ. ಅದನ್ನು ಹಾವೇರಿಯಿಂದ ಹೇಳಿಸಿದ್ದಕ್ಕೆ ಬಂತು. ರಾಣೆಬೆನ್ನೂರಿನ ಆ ಓಣಿಯಲ್ಲಿ ಮಾಲೀಕ ಮೈಲಾರಪ್ಪನದೂ ಬಾಡಿಗೆಯ ಬಿಬಿಜಾನಳದೂ ಒಂದೇ ಸೂರು, ನಡುವೆ ಒಂದು ಗೋಡೆ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಿದ್ದರು. ಹಿತ್ತಲಲ್ಲಿ ಅದೇ ಗೋಡೆಯ ಮೇಲಿಂದ ಇಷ್ಟು ವರ್ಷ ಕೊತ್ತಂಬರಿ, ಹೆಪ್ಪಿನ ಮಜ್ಜಿಗೆ, ಓಣಿಯ ಸುದ್ದಿ ಎಲ್ಲವೂ ಆಚೆ ಈಚೆ ಓಡಾಡಿವೆ. ಅಂಥ ಗೋಡೆ ಇರುವಾಗ ಮೈಲಾರಪ್ಪ ಬಸ್ಸು ಹತ್ತಿ ಹಾವೇರಿಗೆ ಹೋಗಿ, ಪ್ರವೀಣಕುಮಾರ ವಕೀಲರ ಮುಂದೆ ಕುಳಿತು, ರಿಜಿಸ್ಟರ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದ್ದ. (ಅದು ಬಂದ ದಿನ ಪೋಸ್ಟ್‌ಮನ್ನಿಗೆ "ಅದ ಬಾಗಲಾ ನೋಡ್ರಿ" ಎಂದು ಮನೆ ತೋರಿಸಿದವನೂ ಮೈಲಾರಪ್ಪನೇ.)

"'ಸದರಿ ಬಾಡಿಗೆದಾರರು ಸದರಿ ಮನೆಯನ್ನು ಸದರಿ ಅವಧಿಯೊಳಗೆ' ಅಂತ ಬರಸ್ಯಾನ ನೋಡ್ರಿ! ನಿನ್ನೆ ಮಜ್ಜಿಗಿ ಇಸಗೊಂಡು ಹೋಗುವಾಗ ನಾ ತಂಗಿ ಇದ್ದೆ. ಇವತ್ತ ಸದರಿ ಆಗೇನಿ!" ಎಂದು ಬಿಬಿಜಾನ್ ಗಂಡನ ಮುಖದ ಮುಂದೆ ನೋಟಿಸ್ ಬೀಸಿದಳು.

ಗಂಡ ಫಕ್ಕೀರಸಾಬನದು ಗಾದಿ ಅಂಗಡಿ. ದಿನವಿಡೀ ಅರಳೆಯ ಜೊತೆ ಇದ್ದುದರಿಂದಲೋ ಏನೋ, ಸ್ವಭಾವವೂ ಮೆತ್ತಗೆ. "ಹೆಂಗೂ ಹಲಗೇರಿ ರಸ್ತೆಕ ನಮ್ಮ ಮನಿ ಎದ್ದೈತಿ. ಸ್ಲ್ಯಾಬ್ ಒಂದ ಬಾಕಿ. ಅಲ್ಲೀತನಕ ಬ್ಯಾಡಗಿಯೊಳಗ ನನ್ನ ತಂಗಿ ಮನ್ಯಾಗ ಇದ್ರಾತು. ಬಿಡು ಅಂದಾನ, ಬಿಡೂಣು" ಎಂದ.

"ನಾದಿನಿ ಪಡಸಾಲ್ಯಾಗ ಗಂಟು ಇಟಗೊಂಡು ಕುಂದರಾಕ ನಾ ಹುಟ್ಟಿಲ್ಲ," ಎಂದಳು ಬಿಬಿಜಾನ್. "ಈ ಮನಿ ಬಿಡೂದು ಖರೇ. ಆದ್ರ ಅವ ಅಂದಾಗ ಅಲ್ಲ, ನನಗ ಅನಿಸಿದಾಗ. ಇಲ್ಲಿಂದ ಎದ್ರ ಸೀದಾ ನನ್ನ ಸ್ವಂತ ಮನಿಗೆ, ಟೆಂಪೋದ ಮುಂದಿನ ಸೀಟಿನ್ಯಾಗ ಕುಂತು, ಅವನ ಬಾಗಲಾ ಮುಂದ ಹಾರ್ನ್ ಹೊಡಿಸಿಕೋತ ಹೋಗಾಕಿ!"

(ಈ ಗಂಡ ಹೆಂಡತಿಯ ಜಗಳ ಉರ್ದುವಿನಲ್ಲಿ ಸುರುವಾಗಿ, ಕಾವೇರಿದ ಮೇಲೆ ಕನ್ನಡಕ್ಕೆ ಬರುತ್ತಿತ್ತು. ಗೋಡೆಯ ಆಚೆಯವರಿಗೂ ತಿಳಿಯಬೇಕಲ್ಲ.)

ಮೈಲಾರಪ್ಪನ ಅವಸರಕ್ಕೆ ಕಾರಣವಿತ್ತು. ಹಳೆಯ ಮನೆ ಕೆಡವಿ ಎರಡಂತಸ್ತಿನ ಬಿಲ್ಡಿಂಗು ಎಬ್ಬಿಸುವ ಹುಚ್ಚು ಹಿಡಿದಿತ್ತು. ಬಿಲ್ಡಿಂಗಿನ ಸಾಮಾನುಗಳಲ್ಲಿ ಮೊಟ್ಟಮೊದಲನೆಯದಾಗಿ ಒಂದು ಹೊಸ ಹಾರೆಯನ್ನು ಕೊಂಡು ತಂದಿದ್ದ. ಅದನ್ನು ಹಿಡಿದು ಬಾಗಿಲಲ್ಲಿ ನಿಂತಾಗ ಪಾಳೆಯಗಾರನ ಹಾಗೆ ಕಾಣುತ್ತೇನೆಂದು ಅವನ ನಂಬಿಕೆ.

ಆದರೆ ಬಿಬಿಜಾನಳ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ಆಯುಧವಿತ್ತು. ಅದು ಅವಳ ಕಣ್ಣು. ಓಣಿಯಲ್ಲಿ ಯಾರು ಬಸುರಾದರೂ ಮೊದಲು ಗೊತ್ತಾಗುತ್ತಿದ್ದುದು ಅವಳಿಗೆ, ಆಮೇಲೆ ಡಾಕ್ಟರಿಗೆ, ಕಟ್ಟಕಡೆಗೆ ಗಂಡನಿಗೆ. ಚಿಕ್ಕ ವಯಸ್ಸಿಗೇ ಮದುವೆಯಾದವಳು. ದೊಡ್ಡ ಮಗಳು ಕೈಸರಳನ್ನು ಬ್ಯಾಡಗಿಗೆ ಕೊಟ್ಟು, ಅವಳ ಬಾಣಂತನ ಮುಗಿಸಿ, ನಲವತ್ತರ ಅಂಚಿಗೇ ನಾನಿ, ಅಂದರೆ ಅಜ್ಜಿ ಆಗಿದ್ದಳು. ನಾನಿ ಆದ ಮೇಲಂತೂ ಈ ಖಾತೆಯಲ್ಲಿ ಅವಳ ಮಾತಿಗೆ ಅಪೀಲೇ ಇರಲಿಲ್ಲ.

ನೋಟಿಸ್ ಬಂದ ವಾರದಲ್ಲೇ ಮೈಲಾರಪ್ಪನ ಸೊಸೆ ನಿರ್ಮಲಾ ಹಿತ್ತಲ ಗೋಡೆಗೆ ಬಂದು, "ಚಿಗವ್ವಾ, ಹಸಿ ಹುಣಸಿಕಾಯಿ ಇದ್ರ ಒಂದು ಕೊಡ್ರಿ" ಎಂದಳು.

ಬಿಬಿಜಾನ್ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಎಷ್ಟ ತಿಂಗಳಾತವಾ?"

ನಿರ್ಮಲಾಳ ಕೈಯಲ್ಲಿದ್ದ ತಂಬಿಗೆ ಜಾರಿತು. ಪಾಪ, ಅತ್ತೆಗೂ ಇನ್ನೂ ಹೇಳಿರಲಿಲ್ಲ.

ಮರುದಿನ ಮೈಲಾರಪ್ಪ ಗೋಡೆಗೆ ಗುರುತು ಹಾಕಲು ಹಾರೆ ಹಿಡಿದು ಬಂದ. ಬಿಬಿಜಾನ್, ಓಣಿಯ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ನಲ್ಲಿಯ ಹತ್ತಿರ ಸೇರುವ ತನಕ ಕಾದು, ಆಮೇಲೆ ಬಾಗಿಲಿಗೆ ಅಡ್ಡ ನಿಂತಳು.

"ಅಣ್ಣಾರ, ಹಾರಿ ಕೆಳಗ ಇಡ್ರಿ. ಮನ್ಯಾಗ ಸೊಸಿ ಬಸುರಿ ಅದಾಳ, ನೀವು ಗ್ವಾಡಿ ಒಡಿಯಾಕ ಹೊಂಟೀರಿ?"

ಆಚೆ ಮನೆಯೊಳಗಿಂದ ಮೈಲಾರಪ್ಪನ ಹೆಂಡತಿ ಉಚ್ಚಂಗೆವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನಂದಿ ಬಿಬಿ? ನಮ್ಮ ನಿರ್ಮಲಾ?" ಎಂದವಳೇ ಹಿಂದೆಯೇ ಬಂದಿದ್ದ ಸೊಸೆಯ ಮುಖ ನೋಡಿದಳು, ನಕ್ಕಳು, ಅತ್ತಳು, ಕಡೆಗೆ ಗಂಡನ ಕೈಯಿಂದ ಹಾರೆ ಕಸಿದುಕೊಂಡಳು.

ಬಸುರಿ ಇರುವ ಮನೆಯಲ್ಲಿ ಗುದ್ದಲಿ ಹಾರೆ ಹಾಕಬಾರದೆಂಬುದು ಎರಡೂ ಕಡೆಯವರು ನಂಬಿದ್ದ ಮಾತು. ಬಿಬಿಜಾನ್ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೆಲ್ಲುವಾಗ ನಿಲ್ಲಿಸುವುದು ಅವಳ ಜಾಯಮಾನದಲ್ಲೇ ಇಲ್ಲ. "ಅಷ್ಟ ಅಲ್ಲ ಅಕ್ಕಾರ," ಎಂದು ದನಿ ಏರಿಸಿದಳು. "ಬಸುರಿ ಇರೂ ಸೂರಿನ ಕೆಳಗಿಂದ ಯಾರೂ ಸಾಮಾನ ಸಮೇತ ಮನಿ ಬದಲಿ ಮಾಡಬಾರದು. ಬಸುರಿ ಆದಾಕಿ ಅಂತೂ ಮಾಡಲೇಬಾರದು. ಸೂರು ಒಂದ ಅಲ್ಲೇನು?"

ಈ ಎರಡನೇ ಕಲಮನ್ನು ಅವಳು ಆಗಲೇ, ಅಲ್ಲೇ, ನಿಂತ ಕಾಲ ಮೇಲೆ ತಯಾರಿಸಿದ್ದಳು. ಆದರೆ ಬಾಯಿಂದ ಬಿದ್ದದ್ದೇ ತಡ, ನಲ್ಲಿಯ ಹತ್ತಿರ ಇದ್ದವರೆಲ್ಲ ಅದಕ್ಕೆ ಸಾಕ್ಷಿ ಒದಗಿಸಿದರು. ಒಬ್ಬಳ ಅತ್ತಿಗೆಗೆ ಹಾಗಾಗಿತ್ತು, ಇನ್ನೊಬ್ಬಳ ಚಿಕ್ಕಮ್ಮನಿಗೆ ಹೀಗಾಗಿತ್ತು. ಸಂಜೆಯ ಹೊತ್ತಿಗೆ ಅದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದ ಕಾಯಿದೆಯಾಗಿತ್ತು.

ಮೈಲಾರಪ್ಪ ವಕೀಲರಿಗೆ ಫೋನು ಹಚ್ಚಿದ. ಸೊಸೆ ಬಸುರಿಯಾದರೆ ಬಾಡಿಗೆದಾರರು ಉಳಿಯಬೇಕೆಂದು ಯಾವ ಸೆಕ್ಷನ್ನಿನಲ್ಲೂ ಇಲ್ಲ ಎಂದರು ವಕೀಲರು. "ಕೋರ್ಟಿಗೆ ಹಾಕತೇನಿ" ಎಂದು ಮೈಲಾರಪ್ಪ ಹಾರಾಡಿದ. "ಹಾಕ್ರಿ. ಆಮ್ಯಾಲ ಊಟಕ್ಕೂ ಅಲ್ಲೇ ಹೋಗ್ರಿ" ಎಂದಳು ಉಚ್ಚಂಗೆವ್ವ. ಹಾರೆ ಅಟ್ಟ ಸೇರಿತು.

ಏಳನೇ ತಿಂಗಳಲ್ಲಿ ನಿರ್ಮಲಾ ಹೆರಿಗೆಗೆ ತವರಿಗೆ ಹೋದಳು. ಬಸ್ಸು ಸ್ಟ್ಯಾಂಡ್ ದಾಟಿತೋ ಇಲ್ಲವೋ, ಮೈಲಾರಪ್ಪ ಹಾರೆ ಇಳಿಸಿ, "ತಂಗಿ, ಈಗ ಸೂರಿನ ಕೆಳಗ ಬಸುರಿ ಯಾರೂ ಇಲ್ಲ. ಲಗೂನ ಗಂಟು ಕಟ್ರಿ" ಎಂದ.

"ತವರಿಗೆ ಹೋಗೂದು ಮನಿ ಬದಲಿ ಅಲ್ರಿ ಅಣ್ಣಾರ. ಸಾಮಾನ ಇಲ್ಲೇ ಐತಲ್ಲ?" ಎಂದ ಬಿಬಿಜಾನ್ ಹಿತ್ತಲ ಕಡೆ ಬೆರಳು ತೋರಿಸಿದಳು. "ಅದೂ ಇರ್ಲಿ. ನಿಮ್ಮ ಎಮ್ಮಿ?"

"ಎಮ್ಮಿ?"

"ಗಬ್ಬ ಐತಲ್ಲ?"

"ಅದು ಎಮ್ಮಿ ಐತಿ, ತಂಗಿ!"

"ಎಮ್ಮಿ ಆದ್ರೇನು, ಹೊಟ್ಯಾಗ ಇರೂದು ಕೂಸ ಹೌದಲ್ಲೋ? ಅದಕ್ಕೇನರ ಆತಂದ್ರ ಹಾಲಿಗೆ ನನ್ನ ಕಡೆ ಬರಬ್ಯಾಡ್ರಿ."

ಹಾಲಿನ ಮಾತು ಬಂದ ಕೂಡಲೇ ಉಚ್ಚಂಗೆವ್ವ ಬಿಬಿಜಾನಳ ಪಕ್ಷ ಸೇರಿದಳು. ಹಾರೆ ಮತ್ತೆ ಅಟ್ಟ ಹತ್ತಿತು. (ಆ ಎಮ್ಮೆಯೂ ಎಂಥದ್ದು! ಈಯುವ ಅವಸರವೇ ಇಲ್ಲದೆ ಚಳಿಗಾಲದ ತನಕ ಬಾಡಿಗೆದಾರರ ಪರ ನಿಂತಿತು.)

ಇಷ್ಟರಲ್ಲಿ ಹಲಗೇರಿ ರಸ್ತೆಯ ಮನೆಗೆ ಸ್ಲ್ಯಾಬ್ ಬಿತ್ತು, ನೆಲಕ್ಕೆ ಫರಸಿ ಕೂತಿತು, ಗೋಡೆಗೆ ಹಸಿರು ಪೇಂಟು ಬಂತು. ಬಿಬಿಜಾನ್ ದಿನಾ ಹೋಗಿ ನಿಂತು ಬಳಿಸಿದಳು. ಪೇಂಟಿನ ವಾಸನೆಗೆ ಹೊಟ್ಟೆ ತೊಳಸುತ್ತದೆಂದು ಸೆರಗಿನ ತುದಿಯಲ್ಲಿ ಉಪ್ಪು ಹಚ್ಚಿದ ಹುಣಸೆಕಾಯಿ ಕಟ್ಟಿಕೊಂಡಿರುತ್ತಿದ್ದಳು. "ಡಾಕ್ಟರಿಗೆ ತೋರಸೂಣೇನು?" ಎಂದು ಫಕ್ಕೀರಸಾಬ ಕೇಳಿದರೆ, "ಪೇಂಟಿಗೆ ಡಾಕ್ಟರ್ ಏನ್ ಮಾಡ್ತಾನ?" ಎಂದು ಬಾಯಿ ಮುಚ್ಚಿಸಿದಳು.

ನಿರ್ಮಲಾ ಗಂಡು ಕೂಸಿನೊಂದಿಗೆ ತಿರುಗಿ ಬಂದಳು. ಎಮ್ಮೆಯೂ ಈಯಿತು. ಈಗ ಬಿಬಿಜಾನ್ ತಾನಾಗಿ ಮೈಲಾರಪ್ಪನ ಬಾಗಿಲಿಗೆ ಹೋಗಿ, "ಬರೂ ಶುಕ್ರವಾರ ಬಿಡತೇನ್ರಿ. ನೀವು ಬಿಡಸಿದ್ದಕ್ಕಲ್ಲ, ನನಗ ಅನಿಸೇತಿ" ಎಂದು ಘೋಷಿಸಿ ಬಂದಳು. ಮೈಲಾರಪ್ಪ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ.

ಶುಕ್ರವಾರ ಬೆಳಿಗ್ಗೆ ಕುರಾನು ಮತ್ತು ಉಪ್ಪು ಮೊದಲು ಹೋದವು. ಅವುಗಳ ಹಿಂದೆ ಟೆಂಪೋದ ಮೊದಲ ಟ್ರಿಪ್ಪಿನಲ್ಲಿ ಮಂಚ, ಪೆಟ್ಟಿಗೆ, ಅಡುಗೆ ಸಾಮಾನು, ಹೊಸ ಗಾದಿಗಳು. ಹೊಸ ಮನೆಯ ಮುಂದೆ ಡೇಗಿನಲ್ಲಿ ಬಿರಿಯಾನಿ ದಮ್ಮಿಗೆ ಕೂತಿತ್ತು. ಹಾವೇರಿಯ ನೆಂಟರು ಬಂದಿದ್ದರು, ಬ್ಯಾಡಗಿಯ ನಾದಿನಿಯೂ ಬಂದಿದ್ದಳು. ಹಳೆಯ ಮನೆಯಲ್ಲಿ ಉಳಿದದ್ದು ಬಿಬಿಜಾನ್, ಫಕ್ಕೀರಸಾಬ, ಕೂಸನ್ನೆತ್ತಿಕೊಂಡ ಮಗಳು ಕೈಸರ, ಒಂದು ಕಸಬರಿಗೆ.

ಬಿಬಿಜಾನ್ ಜರಿಯಂಚಿನ ಸೀರೆಯಲ್ಲಿ ಹೊರಗೆ ಬಂದಳು. ಓಣಿಯೆಲ್ಲ ನೆರೆದಿತ್ತು. ಮೈಲಾರಪ್ಪ ಹಾರೆ ಊರಿಕೊಂಡು ನಿಂತಿದ್ದ. ಅವನ ಅಂಗೈಗೆ ಕೀಲಿಕೈ ಇಟ್ಟು, "ತಗೋರಿ. ಸದರಿ ಮನಿ, ಸದರಿ ಕೀಲಿ" ಎಂದು, ಡ್ರೈವರ್ ಚಮನಸಾಬನ ಪಕ್ಕದ ಸೀಟು ಹತ್ತಿದಳು. ವರ್ಷದಿಂದ ಕನಸು ಕಂಡ ಸೀಟು ಅದು. "ಹಾರ್ನ್ ಹೊಡಿ," ಎಂದಳು.

ಚಮನಸಾಬ ಹಾರ್ನ್ ಹೊಡೆದು ಗಾಡಿ ಸುರು ಮಾಡಿದ. ಡೀಸೆಲ್ ಹೊಗೆ ಒಳಗೆ ನುಗ್ಗಿತು. ಬಿಬಿಜಾನ್ ಬಾಯಿಗೆ ಸೆರಗು ಒತ್ತಿಕೊಂಡು, ಬಾಗಿಲು ತೆರೆದು ಗಟಾರದ ಕಡೆ ಓಡಿದಳು. ಬಗ್ಗಿದಾಗ ಸೆರಗಿನ ಗಂಟು ಬಿಚ್ಚಿ ಹುಣಸೆಕಾಯಿ ಉರುಳುರುಳಿ ಉಚ್ಚಂಗೆವ್ವನ ಕಾಲ ಹತ್ತಿರ ಹೋಗಿ ನಿಂತಿತು.

ಉಚ್ಚಂಗೆವ್ವ ಹುಣಸೆಕಾಯಿಯನ್ನು ನೋಡಿದಳು. ಬಿಬಿಜಾನಳನ್ನು ಮೇಲಿಂದ ಕೆಳಗೆ ನೋಡಿದಳು.

"ಬಿಬಿ," ಎಂದಳು ಮೆಲ್ಲಗೆ, "ಎಷ್ಟ ತಿಂಗಳಾತವಾ?"

"ಏನ್ ಮಾತಾಡ್ತೀರಿ ಅಕ್ಕಾರ! ಪೇಂಟಿನ ವಾಸನಿ..." ಎಂದ ಬಿಬಿಜಾನ್ ನಡುವೆಯೇ ನಿಂತಳು. ಮನಸ್ಸಿನಲ್ಲೇ ಏನೋ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ನಿಧಾನವಾಗಿ ತಿರುಗಿ ಫಕ್ಕೀರಸಾಬನನ್ನು ನೋಡಿದಳು. ಅವನು ಟೆಂಪೋದ ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಹಳ ಕಾಳಜಿಯಿಂದ ನೋಡುತ್ತಿದ್ದ.

"ಅಮ್ಮೀ!" ಎಂದು ಕೈಸರ ತನ್ನ ಕೂಸಿನ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡಳು.

ಓಣಿಯ ಹೆಂಗಸರು ಟೆಂಪೋವನ್ನು ಸುತ್ತುಗಟ್ಟಿದರು. ಬಸುರಿ ಸೂರು ಬದಲಿಸಬಾರದು, ಬಿಬಿಜಾನ್ ತಾನೇ ಹೇಳಿದ ಮಾತು! ಆಗ ಬಿಬಿಜಾನಳ ಪರ ವಕಾಲತ್ತು ವಹಿಸಿದವನು ಒಬ್ಬನೇ, ಮೈಲಾರಪ್ಪ. "ಏ, ಅದು ಡೀಸೆಲ್ ವಾಸನಿ! ನನಗೂ ವಾಂತಿ ಬಂದಂಗಾತು! ಹೋಗ್ಲಿ ಬಿಡ್ರವಾ, ಆ ತಂಗಿ ಪಾಪ ಸ್ವಂತ ಮನಿಗೆ ಹೊಂಟಾಳ!" ಎಂದು ಕೈ ಮುಗಿದ.

"ಎಮ್ಮಿಗೆ ಇದ್ದ ಕಾಯಿದೆ ಬಿಬಿಗೆ ಇಲ್ಲೇನು? ಸಾಮಾನ ಹೋದ್ರ ಹೋಗ್ಲಿ," ಎಂದು ಉಚ್ಚಂಗೆವ್ವ ತೀರ್ಪು ಕೊಟ್ಟಳು. "ಬಿಬಿ ಇಲ್ಲೇ ಇರ್ಲಿ. ಬಾಣಂತನ ನಾ ಮಾಡ್ತೇನಿ."

ಅದೆಲ್ಲ ನಾನು ಹುಟ್ಟಿಸಿದ ಸುಳ್ಳು ಎಂಬ ಮಾತು ಬಿಬಿಜಾನಳ ನಾಲಿಗೆಯ ತುದಿಗೆ ಬಂತು. ಅಂದರೆ ಸಾಕಿತ್ತು, ಹೊಸ ಮನೆಗೆ ಹೋಗಬಹುದಿತ್ತು. ಆದರೆ ಎದುರಿಗೆ ನಿರ್ಮಲಾ ನಿಂತಿದ್ದಳು. ಆ ಮಾತು ನಂಬಿ ಜೋಪಾನವಾಗಿ ಹೊತ್ತ ಕೂಸು ಅವಳ ಬಗಲಲ್ಲಿತ್ತು. ಪಕ್ಕದಲ್ಲಿ ಮೈಲಾರಪ್ಪ ಆಸೆಗಣ್ಣಿನಿಂದ ಬಿಬಿಜಾನಳ ಬಾಯಿಯನ್ನೇ ನೋಡುತ್ತಿದ್ದ. ಅವನೆದುರು ಸೋಲುವುದಕ್ಕಿಂತ ಇಲ್ಲೇ ಹೆರುವುದು ಮೇಲು ಎನಿಸಿತು. ಬಿಬಿಜಾನ್ ಕೈ ಚಾಚಿ ಕೀಲಿಕೈಯನ್ನು ವಾಪಸು ಇಸಿದುಕೊಂಡಳು.

ನೆಂಟರನ್ನು ವಿಚಾರಿಸಿಕೊಳ್ಳಲು ಫಕ್ಕೀರಸಾಬನೂ ಕೈಸರಳೂ ಮುಂದಿನ ಸೀಟಿನಲ್ಲಿ ಕುಳಿತು ಹೋದರು. ಖಾಲಿ ಮನೆಯಲ್ಲಿ, ಮಂಚದ ಕಾಲಿನ ಗುರುತು ಉಳಿದಿದ್ದ ಜಾಗದಲ್ಲಿ, ಬಿಬಿಜಾನ್ ಕಸಬರಿಗೆಯ ಪಕ್ಕ ಕುಳಿತಳು. ಅವಳಿಗೆ ಅಳು ಬಂತು, ಆಮೇಲೆ ತಡೆಯಲಾರದಷ್ಟು ನಗೆ ಬಂತು. ಸಂಜೆ ಅವಳ ಸ್ವಂತ ಮನೆಯ ಬಿರಿಯಾನಿ ಡಬ್ಬಿಯಲ್ಲಿ ಬಂತು. ಮುಚ್ಚಳ ತೆಗೆದವಳು ವಾಸನೆಗೆ ಹಾಗೇ ಮುಚ್ಚಿದಳು.

ಉಚ್ಚಂಗೆವ್ವ ಚಾಪೆ ಹಾಸಿ, ತಾಟಿನಲ್ಲಿ ಉಪ್ಪು ಖಾರ ಹಚ್ಚಿದ ಹುಣಸೆಕಾಯಿ ತಂದಿಟ್ಟಳು. ಅವಳ ಹಿಂದೆ ಬಾಗಿಲಲ್ಲಿ ಮೈಲಾರಪ್ಪ ನಿಂತಿದ್ದ, ಕೈಯಲ್ಲಿ ಹಾರೆ ಇರಲಿಲ್ಲ.

"ತಂಗಿ, ಖರೇ ಹೇಳು. ಯಾವಾಗ ಬಿಡ್ತೀ?"

ಬಿಬಿಜಾನ್ ಒಂದು ಹುಣಸೆಕಾಯಿ ಕಚ್ಚಿ, ಒಂದು ಕಣ್ಣು ಮುಚ್ಚಿ, ಚಪ್ಪರಿಸಿದಳು.

"ಹಾವೇರಿಯಿಂದ ನೋಟಿಸ್ ಕಳಸ್ರಿ, ನೋಡೂಣು," ಎಂದಳು. "ಅಕ್ಕಾರ, ಇದಕ್ಕ ಖಾರ ಕಮ್ಮಿ ಆಗೇತಿ."