ಅತ್ತೆ ಸಾಕಿದ ಪ್ಲಾಸ್ಟಿಕ್

ನಮ್ಮತ್ತೆ ಮನೆಗೆ ಬಂದವರ ಮುಖ ನೋಡುವ ಮೊದಲು ಕಾಲು ನೋಡುತ್ತಾರೆ. ಭಕ್ತಿಯೆಂದು ತಿಳಿಯಬೇಡಿ. ಮುರುಗಮಲ್ಲದ ದರ್ಗಾಕ್ಕೆ ಹೋಗಿಬಂದವರಾಗಲಿ, ಅಂಬಾಜಿದುರ್ಗ ಹತ್ತಿಳಿದವರಾಗಲಿ, ಚಿಂತಾಮಣಿಯ ನಮ್ಮ ಮನೆಗೆ ಬಂದರೆ ಸಾಕು, ಅವರ ಚಪ್ಪಲಿ ಮಗುಚಿ, ಅಂಟಿದ ಮಣ್ಣನ್ನು ಚಮಚದಲ್ಲಿ ಕೆರೆದು ಡಬ್ಬಿಗೆ ತುಂಬಿಕೊಳ್ಳುತ್ತಾರೆ. ಚಮಚ ನಮ್ಮಮ್ಮನದು. ಡಬ್ಬಿಯೂ.

ಅತ್ತೆ ಎಂದರೆ ಅಪ್ಪನ ತಂಗಿ. ನಮ್ಮ ಜೊತೆಯಲ್ಲೇ ಇದ್ದುಕೊಂಡು ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾರೆ. ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳಿವೆಯಂತೆ. ಸಿಹಿ ಹೆಚ್ಚಾಗಿ, ಉಳಿದ ಪೋಷಣೆ ಕಡಿಮೆಯಾದರೆ, ನಮಗೆ ಬೊಜ್ಜು ಬರುವ ಹಾಗೆ ಅವುಗಳ ಒಳಗೆ ಪ್ಲಾಸ್ಟಿಕ್ಕಿನಂಥ ಕೊಬ್ಬು ಕೂಡುತ್ತದಂತೆ. ಅದನ್ನು ಬಿಡಿಸಿ ಹಾಳೆ ಮಾಡಿದರೆ, ಬಳಸಿ ಬಿಸಾಡಿದ ಮೇಲೆ ಮಣ್ಣಿನಲ್ಲೇ ಕರಗಿಹೋಗುತ್ತದೆ. ಟೊಮೆಟೊ ಹೊಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಬೆಳೆ ಮುಗಿದ ಮೇಲೆ ಚಿಂದಿಯಾಗಿ ಬೇಲಿಗಳಲ್ಲಿ ಹಾರಾಡುವುದನ್ನು ಕಂಡಾಗಿನಿಂದ ಹಿಡಿದ ಹುಚ್ಚು ಇದು.

ಹುಚ್ಚಿಗೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಅಡುಗೆಮನೆಯದು. ಬಾಟಲಿ ಬೇಯಿಸಲು ನಮ್ಮ ಕುಕ್ಕರ್, ಬ್ಯಾಕ್ಟೀರಿಯಾಗಳಿಗೆ ಉಣಿಸಲು ನಮ್ಮ ಬೆಲ್ಲ.

"ನಿಮ್ಮಣ್ಣಂಗೆ ಶುಗರ್ ಅಂತ ನಾನು ಪಾಯಸ ಮಾಡೋದೇ ಬಿಟ್ಟೆ. ನಿನ್ನ ಹುಳಗಳಿಗೆ ದಿನಾ ಬೆಲ್ಲದ ನೀರೇನೇ?" ಎಂದು ಅಮ್ಮ ಕೇಳಿದಳು.

"ಅವು ದಪ್ಪ ಆಗ್ಬೇಕು ಅತ್ತಿಗೆ. ಅಣ್ಣ ಆಗ್ಬಾರ್ದು" ಎಂದರು ಅತ್ತೆ, ಪಾಠ ಹೇಳುವ ದನಿಯಲ್ಲಿ.

ಅಮ್ಮ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಅತ್ತೆ ಏಣಿ ತಂದರು.

ಹೀಗಿರುವಾಗ ಕಾಲೇಜಿನ ಆಡಳಿತ ಮಂಡಳಿಯವರು ಅತ್ತೆಯ ಪ್ರಯೋಗಾಲಯದ ಮೇಲೆ ಕಣ್ಣಿಟ್ಟರು. "ಮುಂದಿನ ಮೀಟಿಂಗಿಗೆ ಏನಾದ್ರೂ ಮಾಡಿ ತೋರಿಸಿ ಮೇಡಂ. ಇಲ್ಲಾಂದ್ರೆ ರೂಮು ಬಿಟ್ಕೊಡಿ" ಎಂದರು ಕಾರ್ಯದರ್ಶಿ. ಅತ್ತೆಯ ಬಳಿ ಚೆನ್ನಾಗಿ ಬೆಳೆದಿದ್ದದ್ದು ಒಂದೇ ಬಾಟಲಿ. ಆ ವಾರವೇ ಶಿಡ್ಲಘಟ್ಟದಲ್ಲಿ ಲೈನ್ ಕೆಲಸವೆಂದು ಕರೆಂಟು ತೆಗೆದರು. ಬಾಟಲಿಯನ್ನು ಅಲುಗಾಡಿಸುವ ಯಂತ್ರ ನಿಂತಿತು. ಅಲುಗಾಡದಿದ್ದರೆ ಒಳಗಿನ ಜೀವಗಳಿಗೆ ಗಾಳಿಯಿಲ್ಲ.

ಅತ್ತೆ ಬಾಟಲಿಯನ್ನು ಸ್ವೆಟರಿನಲ್ಲಿ ಸುತ್ತಿ, ಮಡಿಲಲ್ಲಿ ಕುಲುಕುತ್ತ ಬಸ್ಸಿನಲ್ಲಿ ಕೂತರು. ಮನೆಯಲ್ಲಿ ಅಪ್ಪನ ಮೀನಿನ ತೊಟ್ಟಿಯ ಪಂಪು ಇದೆಯಲ್ಲ, ಅದರಿಂದ ಗಾಳಿ ಊದುವುದೆಂದು ಅವರ ಲೆಕ್ಕ.

"ಏನಮ್ಮ ಅದು, ಹೆಂಡಾನಾ?" ಎಂದ ಕಂಡಕ್ಟರ್.

"ಬ್ಯಾಕ್ಟೀರಿಯಾ ಕಣಪ್ಪ."

ಚಿಂತಾಮಣಿ ಬರುವವರೆಗೂ ಅವರ ಪಕ್ಕದ ಸೀಟು ಖಾಲಿಯಿತ್ತಂತೆ.

ಬಂದು ನೋಡಿದರೆ ನಮ್ಮ ಬೀದಿಯಲ್ಲೂ ಕರೆಂಟಿಲ್ಲ. ಯುಪಿಎಸ್ ಅಮ್ಮನ ಗ್ರೈಂಡರ್ ತಿರುಗಿಸಿ ಆಗಲೇ ಸತ್ತಿತ್ತು. ಅತ್ತೆ ನಡುಮನೆಯಲ್ಲಿ ನಿಂತು ಕುಲುಕತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ಕೈ ಮರಗಟ್ಟಿ ಬಾಟಲಿ ಜಾರಿತು. ನಾನು ಹಿಡಿಯುವಷ್ಟರಲ್ಲಿ ಅಮ್ಮನ ಕೈ ಮುಂದೆ ಬಂದಿತ್ತು.

"ಕೊಡೇ ಇತ್ಲಾಗೆ. ಮಕ್ಕಳನ್ನ ತೂಗಿರೋ ಕೈ ಇದು."

ಅಮ್ಮ ಕುಲುಕಿದಳು, ನಾನು ಕುಲುಕಿದೆ, ಮತ್ತೆ ಅಮ್ಮ. ಅತ್ತೆ ಆಗಾಗ ಹತ್ತಿಯ ಬಿರಡೆಗೆ ಮೂಗು ತಂದು ಮೂಸುತ್ತಿದ್ದರು. ಹುಳಿ ವಾಸನೆ ಬಂದರೆ ಬೇರೆ ಯಾವುದೋ ಸೇರಿಕೊಂಡು ಎಲ್ಲ ಕೆಟ್ಟಿತೆಂದು ಅರ್ಥ.

"ಅತ್ತೆ, ಹುಳಿ ವಾಸನೆ ಬರ್ತಿದೆ" ಎಂದೆ ನಾನು.

ಇಬ್ಬರೂ ಕಲ್ಲಾದರು. ಅಮ್ಮ ಬಾಟಲಿಯನ್ನು ಎದೆಗವಚಿಕೊಂಡೇ ಸುತ್ತಲೂ ಮೂಸಿದಳು. ಬಾಟಲಿ ಮೂಸಿದಳು, ಅಡುಗೆಮನೆಯ ಬಾಗಿಲವರೆಗೂ ಹೋಗಿ ಮೂಸಿದಳು.

"ಥೂ, ನನ್ನ ಇಡ್ಲಿ ಹಿಟ್ಟು ಕಣೋ ಅದು. ನೆನ್ನೇದು."

ಸಂಜೆಗೆ ಕರೆಂಟು ಬಂತು. ಬ್ಯಾಕ್ಟೀರಿಯಾಗಳು ಬದುಕಿದವು, ಕೊಬ್ಬಿದವು. ಆಮೇಲೆ ಕಾಲೇಜಿನಲ್ಲಿ ಅತ್ತೆ ಅವುಗಳಿಂದ ಬಿಳಿಯ ಪುಡಿ ತೆಗೆದು, ಕರಗಿಸಿ, ಗಾಜಿನ ಮೇಲೆ ಹರಡಿ ಒಣಗಿಸಿದರು. ಅಂಗೈಯಗಲದ ತೆಳು ಹಾಳೆ. ಮೀಟಿಂಗಿನ ದಿನ ನಾನೂ ಜೊತೆಗೆ ಹೋದೆ. ಹಾಳೆಯಿಟ್ಟ ತಟ್ಟೆ ಹಿಡಿಯುವ ಧೈರ್ಯ ಅವರಿಗಿರಲಿಲ್ಲ.

ಕಾರ್ಯದರ್ಶಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನಿಧಾನವಾಗಿ ಬಗ್ಗಿಸಿದರು. ಟಪ್ಪೆಂದು ಮುರಿಯಿತು.

"ಹಪ್ಪಳ ಆಯ್ತಲ್ಲ ಮೇಡಂ" ಎಂದರು. ಸುತ್ತಲಿದ್ದವರು ನಕ್ಕರು.

"ಬಗ್ಗೋ ಹಾಗೆ ಮಾಡೋದು ಮುಂದಿನ ಕೆಲಸ ಸರ್. ಮಣ್ಣಿಂದ ಇಷ್ಟು ಬಂದಿದೆಯಲ್ಲ, ಅದನ್ನ ನೋಡಿ."

ಅವರು ನೋಡಲಿಲ್ಲ. ಕೋಣೆ ಕಂಪ್ಯೂಟರುಗಳ ಪಾಲಾಯಿತು.

ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ ಕೂತರು. ಮನೆಗೆ ಬಂದು ನಾನು ಅಮ್ಮನಿಗೆ ನಡೆದದ್ದು ಹೇಳಿದೆ. ಅಮ್ಮ ನೇರ ಉಗ್ರಾಣಕ್ಕೆ ಹೋದಳು. ಒಳಗಿನಿಂದ ಏನೋ ಎಳೆಯುವ ಸದ್ದು. ಹೋಗಿ ನೋಡಿದರೆ ರಾಗಿ ಮೂಟೆಗಳನ್ನು ಕೋಣೆಗೆ ಎಳೆದೊಯ್ದು ತನ್ನ ಮಂಚದ ಕೆಳಗೆ ತಳ್ಳುತ್ತಿದ್ದಾಳೆ. ಉಗ್ರಾಣದ ಖಾಲಿಯಾದ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅತ್ತೆಯನ್ನು ಕೂಗಿದಳು.

"ಏನತ್ತಿಗೆ ಇದು?"

"ನಿನ್ನ ಬಾಟ್ಲಿಗಳನ್ನೆಲ್ಲ ತಂದು ಇಲ್ಲಿಡು."

ಅತ್ತೆ ಹೊಸಿಲಲ್ಲೇ ನಿಂತುಬಿಟ್ಟರು. ಅಮ್ಮ ಅವರ ಮುಖ ನೋಡಲಿಲ್ಲ. ಸೆರಗಿನಿಂದ ಬೆವರೊರೆಸಿಕೊಂಡು, ಕಿಟಕಿಯತ್ತ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದಳು:

"ಅಲ್ಲಾ ಕಣೇ, ಅವಕ್ಕೆ ಬಿಸಿಲು ಆಗುತ್ತಾ, ಇಲ್ಲಾ ಪರದೆ ಹಾಕ್ಲಾ?"