ದತ್ತಾಂಶ ಕೇಂದ್ರದ ಕೆಂಪು ಬಾಳೆ

ದಖ್ಖನ ಪ್ರಸ್ಥಭೂಮಿ ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರದಿಂದ ಇಂದಿನವರೆಗೆ ಒಂದಕ್ಷರವೂ ಹೊರಗೆ ಸೋರಿಲ್ಲ ಎಂಬ ಸಂಗತಿಯನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಕಳ್ಳರಿಗೆ ಸಿಕ್ಕಿಲ್ಲ, ಶತ್ರು ದೇಶಗಳಿಗೆ ಸಿಕ್ಕಿಲ್ಲ, ವಿದ್ಯಾರ್ಥಿಗಳಿಗಂತೂ ಸಿಕ್ಕೇ ಇಲ್ಲ. ಇಂಥ ಬಿಗಿ ಭದ್ರತೆ ಹೇಗೆ ಸಾಧ್ಯವಾಯಿತು ಎಂದು ಬೇರೆ ವಿಶ್ವವಿದ್ಯಾಲಯಗಳವರು ಪತ್ರ ಬರೆದು ಕೇಳುತ್ತಿದ್ದಾರೆ. ವಾರ್ಷಿಕ ವರದಿ ಬರೆಯುವ ಗುಮಾಸ್ತನಾದ ನನಗೆ ಅವರಿಗೆಲ್ಲ ಉತ್ತರ ಕೊಡುವ ಕೆಲಸ ಒಪ್ಪಿಸಿದ್ದಾರೆ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ನನ್ನ ವೃತ್ತಿಯಲ್ಲಿ ಇದು ಮೊದಲ ಸಲ.

ಕಲಬುರಗಿಯ ಬೇಸಿಗೆಯಲ್ಲಿ ನಮ್ಮ ಆಡಳಿತ ಭವನದ ಫ್ಯಾನುಗಳು ಬಿಸಿ ಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವರ್ಗಾಯಿಸುತ್ತವೆ, ಅಷ್ಟೆ. ಹೀಗಿರುವಾಗ ಅನುದಾನ ಬಂತು, ಭವನದ ಪಕ್ಕದಲ್ಲೇ ದತ್ತಾಂಶ ಕೇಂದ್ರ ಎದ್ದಿತು. ಒಳಗೆ ಸಾಲಾಗಿ ಸರ್ವರ್‌ಗಳು. ಅವುಗಳ ಹೊಟ್ಟೆಯಲ್ಲಿ ನಮ್ಮ ಅಧೀನದ ಎಲ್ಲ ಕಾಲೇಜುಗಳ ಮಕ್ಕಳ ಅಂಕಗಳು. ಯಂತ್ರಗಳು ಬಿಸಿಯಾಗಬಾರದೆಂದು ಎರಡು ದೊಡ್ಡ ಏಸಿ. ಹಗಲೂ ರಾತ್ರಿ ಹದಿನೆಂಟು ಡಿಗ್ರಿ. ಬಾಗಿಲ ಮೇಲೆ ನಿಯಮ ಬರೆಸಿದ್ದರು: "ಅಧಿಕೃತ ಅಧಿಕಾರಿಗಳಿಗೆ ಮಾತ್ರ ಪ್ರವೇಶ." ಈ ನಿಯಮ ಬರೆದವನು ಕಲಬುರಗಿಯ ಬಿಸಿಲನ್ನೂ ಕಂಡವನಲ್ಲ, ಅಧಿಕಾರಿಗಳನ್ನೂ ಕಂಡವನಲ್ಲ.

ಉದ್ಘಾಟನೆಯ ದಿನ ಕುಲಪತಿಗಳು ಐದು ನಿಮಿಷದ ತಪಾಸಣೆಗೆಂದು ಒಳಗೆ ಹೋದವರು ಕಚೇರಿ ಮುಚ್ಚುವ ಹೊತ್ತಿಗೆ ಹೊರಗೆ ಬಂದರು. ಮರುದಿನ ಅವರ ಕಡತಗಳು ಒಳಗೆ ಹೋದವು. ಆಮೇಲೆ ಕುಲಸಚಿವ ಡಾ. ಯಂಕಪ್ಪನವರ ಕುರ್ಚಿಯೂ ಒಳಗೆ ಹೋಯಿತು. ಕೋರಂ ಇಲ್ಲದೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಿದ್ದ ವಿದ್ಯಾವಿಷಯಕ ಪರಿಷತ್ತಿನ ಸಭೆ ಒಳಗೆ ನಡೆಯಿತು. ನಿವೃತ್ತರಾದ ಸದಸ್ಯರೂ ಬಂದು ಕುಳಿತರು. ದತ್ತಾಂಶ ಕೇಂದ್ರ ಉಸ್ತುವಾರಿ ಸಮಿತಿ ಎಂದೊಂದಾಯಿತು, ಅದರ ಮೇಲೆ ಕಣ್ಣಿಡಲು ಇನ್ನೊಂದು ಸಮಿತಿ ಆಯಿತು. ಅಷ್ಟು ಸಮಿತಿಗಳು ಅಷ್ಟು ಶ್ರದ್ಧೆಯಿಂದ ಕುಳಿತದ್ದನ್ನು ನಾನು ಹಿಂದೆಂದೂ ಕಂಡಿಲ್ಲ. ಸಭೆ ಮುಗಿದರೆ ಹೊರಗೆ ಹೋಗಬೇಕಾಗುತ್ತದೆಂದು ಯಾರೂ ಯಾವ ವಿಷಯವನ್ನೂ ಇತ್ಯರ್ಥ ಮಾಡುತ್ತಿರಲಿಲ್ಲ.

ಏಸಿಗೆ ಭಾರ ಹೆಚ್ಚಾಯಿತು. ಸರ್ವರ್‌ಗಳು ಆಗಾಗ ನಿಂತುಹೋಗತೊಡಗಿದವು. ಕೇಂದ್ರದ ಗುತ್ತಿಗೆ ಉಸ್ತುವಾರಿ ಪರ್ವೇಜ್, ಇಲ್ಲಿನ ಗಾಜಿಪುರ ಓಣಿಯ ಹುಡುಗ, ಕುಲಸಚಿವರ ಮುಂದೆ ಬಂದು ನಿಂತ.

"ಸರ್, ಏಸಿಗಿ ಆಗವಲ್ದು. ಒಳಗ ಮಶೀನೂ ಅವ, ಮಂದೀನೂ ಅದ. ಯಾವದರೆ ಒಂದು ಹೊರಗ ಹೋಗಬೇಕ್ರಿ."

"ಯಾವದು ಬಿಸಿ ಅದ ಅಂತ ತನಿಖಾ ಆಗಲಿ," ಎಂದರು ಯಂಕಪ್ಪನವರು.

ತನಿಖೆ ಆಯಿತು. ತಜ್ಞರು ಸರ್ವರ್‌ಗಳ ಬೆನ್ನು ಮುಟ್ಟಿ ನೋಡಿದರು, ಬಿಸಿಯಿತ್ತು. ಕುಲಪತಿಗಳ ಅಂಗೈ ಮುಟ್ಟಿ ನೋಡಿದರು, ತಣ್ಣಗಿತ್ತು. ಆದ್ದರಿಂದ ಕೋಣೆಯ ಉಷ್ಣತೆಗೆ ಸರ್ವರ್‌ಗಳೇ ಕಾರಣವೆಂದೂ, ಅವು ಇರುವವರೆಗೆ ದತ್ತಾಂಶ ಕೇಂದ್ರವನ್ನು ಸುಸ್ಥಿತಿಯಲ್ಲಿಡುವುದು ಕಷ್ಟವೆಂದೂ ವರದಿ ಬಂತು. ನಾನೇ ಟೈಪು ಮಾಡಿದೆ.

ಹೊರಗೆ ಹಾಕುವುದಾದರೆ ಎಲ್ಲಿಗೆ? ಬೆಂಕಿ, ನೆರೆ ಮುಂತಾದ ವಿಪತ್ತು ಬಂದರೆ ಇರಲಿ ಎಂದು ದತ್ತಾಂಶದ ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡತಕ್ಕದ್ದೆಂದು ಅನುದಾನದ ಷರತ್ತಿನಲ್ಲೇ ಇತ್ತು. ನಮ್ಮಲ್ಲಿ ಪ್ರತಿ ಇರಲಿಲ್ಲವಾದ್ದರಿಂದ ಮೂಲವನ್ನೇ ಕಳಿಸಲು ತೀರ್ಮಾನಿಸಲಾಯಿತು. ನಮ್ಮ ಜಿಲ್ಲೆಯ ಕಮಲಾಪುರದಲ್ಲಿ ವಿಶ್ವವಿದ್ಯಾಲಯದ್ದೇ ಒಂದು ಕಾಲೇಜಿದೆ. ಅದರ ಹಿಂದಿನ ಕೋಣೆಗೆ ವಿಪತ್ತು ಚೇತರಿಕೆ ಕೇಂದ್ರ ಎಂದು ಹೆಸರಿಟ್ಟು, ಸರ್ವರ್‌ಗಳನ್ನು ಟೆಂಪೋದಲ್ಲಿ ಹೇರಿ, ಕುಲಪತಿಗಳು ಹಸಿರು ಬಾವುಟ ತೋರಿಸಿದರು. ಬಿಸಿಲು ಜಾಸ್ತಿಯಿದ್ದ ಕಾರಣ ಬಾವುಟವನ್ನು ಕಿಟಕಿಯ ಗಾಜಿನ ಒಳಗಿನಿಂದಲೇ ಆಡಿಸಿದರು. ಪರ್ವೇಜ್ ಇಲ್ಲೇ ಉಳಿದ. ಏಸಿಯ ರಿಮೋಟು ಅವನ ಸುಪರ್ದಿನಲ್ಲಿತ್ತು.

ಕಮಲಾಪುರದ ಪ್ರಾಂಶುಪಾಲ ಸಮೀವುಲ್ಲಾ ಸಾಹೇಬರು ಆಜ್ಞೆ ಮೀರಿದವರಲ್ಲ. ಪತ್ರದಲ್ಲಿ "ಚಾಲೂ ಮಾಡುವುದು" ಎಂದಿತ್ತು, ಮಾಡಿದರು. ಇಂಟರ್‌ನೆಟ್ಟಿನ ತಂತಿ ಮಾತ್ರ ಹೆದ್ದಾರಿಯ ಆಚೆ ಬಂದು ನಿಂತಿತ್ತು. ರಸ್ತೆ ಅಗೆಯಲು ಯಾರ ಅನುಮತಿ ಬೇಕೆಂಬ ಪ್ರಶ್ನೆಯನ್ನು ಕಲಬುರಗಿಯ ತಂಪಿನಲ್ಲಿ ಒಂದು ಸಮಿತಿ ಪರಿಶೀಲಿಸುತ್ತಿತ್ತು. ಹೀಗೆ ಸರ್ವರ್‌ಗಳು ಯಾರೊಂದಿಗೂ ಮಾತಿಲ್ಲದೆ ಗುಂಯ್ ಎನ್ನುತ್ತ ಬಿಸಿಯಾಗುತ್ತ ಇದ್ದವು.

ಚಳಿಗಾಲ ಬಂತು. ಕಮಲಾಪುರದ ಕೆಂಪು ಬಾಳೆ ಎಂದರೆ ಗೊತ್ತಿದ್ದವರ ಬಾಯಲ್ಲಿ ನೀರೂರುತ್ತದೆ. ಆದರೆ ಅದು ಬೇಗ ಹಣ್ಣಾಗುವ ಜಾತಿಯಲ್ಲ. ಗೊನೆಗಳನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು, ಹುಲ್ಲು ಹೊಚ್ಚಿ, ಬಾಗಿಲು ಮುಚ್ಚಿ ಕಾಯಬೇಕು. ಸಮೀವುಲ್ಲಾ ಸಾಹೇಬರ ಮನೆಯವರ ತೋಟವಿತ್ತು. ಬೆಚ್ಚಗಿನ ಕೋಣೆಯಂತೂ ಸರಕಾರದ್ದೇ ಇತ್ತು. ಒಂದು ಗೊನೆಯನ್ನು ಪರೀಕ್ಷಾರ್ಥ ಸರ್ವರ್‌ಗಳ ನಡುವೆ ಇಟ್ಟರು. ಹಣ್ಣು ಬಂಗಾರದಂತೆ ಬಂತು. ಆಮೇಲೆ ರ‍್ಯಾಕಿನಲ್ಲಿ ಎಲ್ಲೆಲ್ಲಿ ಸಂದಿಯಿತ್ತೋ ಅಲ್ಲೆಲ್ಲ ಗೊನೆಗಳು ತೂಗಿದವು, ಮತ್ತು ಮೊದಲ ಬುಟ್ಟಿ ಕುಲಪತಿಗಳಿಗೆ ಹೋಯಿತು.

ಕುಲಪತಿಗಳು ಎರಡು ಹಣ್ಣು ತಿಂದು, "ಡೇಟಾ ಸೆಂಟರ್‌ನಿಂದ ಏನರೆ ಹೊರಗ ಬಂತಲ್ಲಾ," ಎಂದರು. ಅದೇ ವಾರ ಸುತ್ತೋಲೆ ಹೊರಟಿತು:

"ವಿಪತ್ತು ಚೇತರಿಕೆ ಕೇಂದ್ರದ ಬಾಗಿಲನ್ನು ಒಳಗಿನ ಗೊನೆಗಳು ಪೂರ್ಣ ಹಣ್ಣಾಗುವ ಮುನ್ನ ತೆರೆಯತಕ್ಕದ್ದಲ್ಲ. ತೆರೆದಲ್ಲಿ ಆಗುವ ಉಷ್ಣತೆಯ ನಷ್ಟಕ್ಕೆ ತೆರೆದವರೇ ಹೊಣೆಗಾರರು."

ಇಷ್ಟು ಸುಸೂತ್ರವಾಗಿ ನಡೆದಿದ್ದ ವ್ಯವಸ್ಥೆಗೆ ಸಂಘಮಿತ್ರಾ ಎಂಬ ಹುಡುಗಿಯಿಂದ ತೊಂದರೆ ಬಂತು. ತಾಜಸುಲ್ತಾನಪುರದವಳು. ತಾಯಿ ಪುತಳಾಬಾಯಿ ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡಿ ಮಗಳನ್ನು ಬಿಎಸ್ಸಿ ಓದಿಸಿದ್ದಳು. ಹುಡುಗಿ ಡಿಸ್ಟಿಂಕ್ಷನ್‌ನಲ್ಲಿ ಪಾಸಾದಳು. ಸರ್ವರ್‌ಗಳು ಟೆಂಪೋ ಹತ್ತುವ ಮುನ್ನ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಿದ್ದಳು, ಆದರೆ ಅಂಕಪಟ್ಟಿ ಅಚ್ಚಾಗಿರಲಿಲ್ಲ. ಈಗ ಸರಕಾರಿ ಇಲಾಖೆಯೊಂದರ ಕಿರಿಯ ಸಹಾಯಕಿ ಹುದ್ದೆಗೆ ಅವಳ ಹೆಸರು ಬಂದಿತ್ತು. ಜನವರಿ ಇಪ್ಪತ್ತಕ್ಕೆ ಮೂಲ ಅಂಕಪಟ್ಟಿ ತೋರಿಸಿದರೆ ನೌಕರಿ, ಇಲ್ಲದಿದ್ದರೆ ಇಲ್ಲ.

ಅವಳು ದತ್ತಾಂಶ ಕೇಂದ್ರಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಚಳಿ ಇದ್ದರೂ ಏಸಿ ಹದಿನೆಂಟರಲ್ಲೇ ಇತ್ತು, ಏಕೆಂದರೆ ನಿಯಮ ಹಾಗಿತ್ತು. ಕುಲಸಚಿವರು ಶಾಲು ಹೊದ್ದು, ಮಂಕಿ ಟೋಪಿ ಹಾಕಿಕೊಂಡು ಕಡತ ನೋಡುತ್ತಿದ್ದರು.

"ಬಾಗಿಲ ಹಾಕ್ಯೊಂಡು ಬಾ ತಂಗಿ, ತಂಪು ಹೊರಗ ಹೋಗ್ತದ."

"ಸರ್, ಅಂಕಪಟ್ಟಿ ಬೇಕಾಗಿತ್ರಿ. ಇಪ್ಪತ್ತನೇ ತಾರೀಖಿಗಿ ಕೇಳ್ಯಾರ್ರಿ." ಹುಡುಗಿ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ ಫಲಿತಾಂಶದ ಚಿತ್ರ ತೋರಿಸಿದಳು.

ಯಂಕಪ್ಪನವರು ಕನ್ನಡಕ ಏರಿಸಿ ನೋಡಿದರು. "ಇದು ಅಂಕದ ಫೋಟೋ ಅದವ್ವ, ಅಂಕ ಅಲ್ಲ. ನಿನ್ನ ಅಂಕ ಕಮಲಾಪುರದಾಗ ಅವ."

"ಮತ್ತ ಇದು ಡೇಟಾ ಸೆಂಟರ್ ಅಲ್ಲೇನ್ರಿ?"

"ಹೌದಲ್ಲ. ಬೋರ್ಡ್ ನೋಡಿಲ್ಲೇನು?"

ಪಕ್ಕದಲ್ಲಿ ಕುಳಿತಿದ್ದ ಪರ್ವೇಜ್ ಮೆಲ್ಲಗೆ ಹೇಳಿದ: "ಸರ್, ನಾ ಲ್ಯಾಪ್‌ಟಾಪ್ ತಗೊಂಡು ಕಮಲಾಪುರಕ್ಕ ಹೋದ್ರ, ತಂತಿ ಹಚ್ಚಿ ಹತ್ತು ನಿಮಿಷದಾಗ ತಗೊಂಡು ಬರ್ತೀನ್ರಿ."

"ನೀ ಹೋದ್ರ ರಿಮೋಟ್ ಯಾರ ಕೈಯಾಗ ಕೊಡ್ತಿ?" ಎಂದು ಕುಲಸಚಿವರು ಕೇಳಿದರು. ಪರ್ವೇಜ್ ರಿಮೋಟನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಅವನ ಪ್ರವಾಸದ ಅನುಮತಿಯ ವಿಷಯವನ್ನು ಸಮಿತಿಗೆ ಒಪ್ಪಿಸಲಾಯಿತು. ನನಗೆ ಮೈ ಉರಿಯಿತು. ಆ ಕೋಣೆಯಲ್ಲಿ ಅದೊಂದೇ ಬೆಚ್ಚಗಿದ್ದದ್ದು.

ತಾಯಿ ಮಗಳು ಬಸ್ಸು ಹತ್ತಿ ಕಮಲಾಪುರಕ್ಕೆ ಹೋದರು. ಅದೃಷ್ಟಕ್ಕೆ ಅಂದೇ ಗೊನೆ ತೆಗೆಯುವ ದಿನ. ಸಮೀವುಲ್ಲಾ ಸಾಹೇಬರು ಒಳ್ಳೆಯ ಮನುಷ್ಯರು, ಇಬ್ಬರನ್ನೂ ಕೂಡಿಸಿ ಚಹಾ ಕುಡಿಸಿದರು, ಬಾಗಿಲು ತೆರೆದಾಗ ಒಳಗೆ ಇಣುಕಲೂ ಬಿಟ್ಟರು. ಹುಲ್ಲಿನ ನಡುವೆ, ಕೆಂಪು ಗೊನೆಗಳ ಹಿಂದೆ, ಹಸಿರು ದೀಪಗಳು ಮಿಣುಕುತ್ತಿದ್ದವು.

"ಸಾಹೇಬ್ರ, ನಮ್ಮ ಹುಡುಗಿ ಮಾರ್ಕ್ಸ್ ಯಾವ ಗೊನಿ ಹಿಂದ ಅವರಿ?" ಎಂದು ಪುತಳಾಬಾಯಿ ಕೇಳಿದಳು.

"ಎಡಗಡಿ ಸಾಲಿನಾಗ ಇರಬೇಕಮ್ಮಾ. ಖುದಾ ಕಸಮ್, ನಾ ಒಂದೂ ಮುಟ್ಟಿಲ್ಲ."

"ಕಂಡರೂ ಕೊಡಾಕ ಬರಂಗಿಲ್ಲೇನ್ರಿ?"

"ತೆಗ್ಯಾಂವ ಕಲಬುರಗಿಯಿಂದ ಬರಬೇಕು. ಅವನಿಗಿ ಪರ್ಮಿಷನ್ ಇಲ್ಲ. ಬಾಗಿಲ ತೆರದು ಅವನಿಗಿ ಕಾಯ್ತೀನಂದ್ರ ಈ ಹಸಿ ಗೊನಿ ಎಲ್ಲಾ ಖರಾಬ್ ಆಗ್ತಾವ. ನೀವೇ ಹೇಳ್ರಿ, ನಾ ಏನ್ ಮಾಡ್ಲಿ?"

ಹಣ್ಣಾದ ಗೊನೆಗಳು ಹೊರಗೆ ಬಂದವು, ಹಸಿ ಗೊನೆಗಳು ಒಳಗೆ ಹೋದವು, ಬಾಗಿಲು ಮುಚ್ಚಿತು. ಸಂಘಮಿತ್ರಾ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದಳಂತೆ. ಮೂರು ವರ್ಷ ಓದಿ ಗಳಿಸಿದ್ದು ಮೂರು ಮೊಳ ದೂರದಲ್ಲಿತ್ತು. ಸಾಹೇಬರು ದಾರಿಗೆಂದು ಒಂದು ಚಿಪ್ಪು ಹಣ್ಣು ಕೊಟ್ಟರು.

ವಿದ್ಯಾರ್ಥಿಯನ್ನು ಬರಿಗೈಲಿ ಕಳಿಸುವ ಸಂಸ್ಥೆ ನಮ್ಮದಲ್ಲ. ಕುಲಸಚಿವರು ಹತ್ತೊಂಬತ್ತರ ಸಂಜೆ ಅವಳಿಗೊಂದು ಪ್ರಮಾಣಪತ್ರ ಕೊಟ್ಟರು: "ಕುಮಾರಿ ಸಂಘಮಿತ್ರಾ ಇವರ ಅಂಕಗಳು ವಿಶ್ವವಿದ್ಯಾಲಯದ ವಶದಲ್ಲಿ ಸಂಪೂರ್ಣ ಸುರಕ್ಷಿತವಾಗಿವೆ ಎಂದು ದೃಢೀಕರಿಸಲಾಗಿದೆ." ಮುದ್ರೆ ದುಂಡಗೆ, ಸ್ವಚ್ಛವಾಗಿ ಬಿದ್ದಿತ್ತು.

ಪರಿಶೀಲನೆಯ ಅಧಿಕಾರಿ ಅದನ್ನು ಎರಡು ಸಲ ಓದಿದ. "ಸುರಕ್ಷಿತ ಅವ ಅಂತ ಬರದಾರ. ಎಷ್ಟವ ಅಂತ ಬರದಿಲ್ಲಲ್ಲವ್ವ," ಎಂದ. ನೌಕರಿ ಮುಂದಿನ ಹೆಸರಿನವನಿಗೆ ಹೋಯಿತು. ಅವನ ಅಂಕಪಟ್ಟಿ ಎಲ್ಲಿಯದೋ ಒಂದು ಖಾಸಗಿ ವಿಶ್ವವಿದ್ಯಾಲಯದ್ದು. ಅಲ್ಲಿ ದತ್ತಾಂಶ ಕೇಂದ್ರವಿಲ್ಲ. ತರಗತಿಗಳೂ ಇಲ್ಲ ಎಂದು ಕೇಳಿದ್ದೇನೆ. ಅಂಕಪಟ್ಟಿ ಮಾತ್ರ ಕೇಳಿದ ದಿನವೇ ಕೈಗೆ ಕೊಡುತ್ತಾರಂತೆ.

ಪರ್ವೇಜ್‌ನ ಪ್ರವಾಸಕ್ಕೆ ಅನುಮತಿ ಸಿಕ್ಕಿದ್ದು ಹೋಳಿಯ ನಂತರ. ಅಷ್ಟರಲ್ಲಿ ಮೇಲಿನ ಸಾಲಿನ ಕಳಿತ ಹಣ್ಣಿನ ರಸ ಯಂತ್ರಗಳೊಳಗೆ ಇಳಿದು, ಅದರ ಹಿಂದೆ ಇರುವೆ ಇಳಿದು, ಸರ್ವರ್‌ಗಳು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಇನ್ನು ಏನನ್ನೂ ಹೊರತೆಗೆಯಲು ಸಾಧ್ಯವಿಲ್ಲ ಎಂದು ಅವನು ಬರೆದುಕೊಟ್ಟ. ಯಂಕಪ್ಪನವರು ಅದರ ಕೆಳಗೆ ಟಿಪ್ಪಣಿ ಹಾಕಿದರು: "ಭದ್ರತೆ ಪೂರ್ಣಗೊಂಡಿದೆ." ಮೌಲ್ಯಮಾಪನಕ್ಕೆ ಬಂದ ದಿಲ್ಲಿಯ ತಂಡ ಹದಿನೆಂಟು ಡಿಗ್ರಿಯಲ್ಲಿ ಕುಳಿತು, ಕಮಲಾಪುರದ ಹಣ್ಣು ತಿಂದು, ದತ್ತಾಂಶ ಸೋರಿಕೆ ಶೂನ್ಯ ಎಂಬುದನ್ನು ಮೆಚ್ಚಿ ಮೇಲ್ದರ್ಜೆ ಕೊಟ್ಟು ಹೋಯಿತು. ಸರ್ವರ್ ಎಲ್ಲಿವೆ ಎಂದು ಒಬ್ಬರು ಕೇಳಿದ್ದರು. ಭದ್ರತೆಯ ದೃಷ್ಟಿಯಿಂದ ಹೇಳಲಾಗದು ಎಂದಾಗ ಅವರು ಇನ್ನಷ್ಟು ಮೆಚ್ಚಿದರು.

ಉಳಿದದ್ದು ಅಂಕ ಕಳೆದುಕೊಂಡವರ ತಕರಾರು. ಅವರೆಲ್ಲ ಪಾಸಾಗಿದ್ದಾರೆ ಎನ್ನಲು ಆಧಾರವಿಲ್ಲ. ಪಾಸಾಗದವರು ವಿಶ್ವವಿದ್ಯಾಲಯವನ್ನು ಬಿಟ್ಟು ಹೋಗಿರಲು ಸಾಧ್ಯವಿಲ್ಲ. ಆದ್ದರಿಂದ ಅವರೆಲ್ಲರೂ ಇನ್ನೂ ವ್ಯಾಸಂಗ ಮಾಡುತ್ತಿದ್ದಾರೆ ಎಂದು ಸಿಂಡಿಕೇಟ್ ಒಮ್ಮತದಿಂದ ನಿರ್ಣಯಿಸಿತು. ದಾಖಲಾತಿ ಒಮ್ಮೆಲೇ ಏರಿತು. ಇದಕ್ಕಾಗಿ ಕುಲಪತಿಗಳಿಗೆ ಸನ್ಮಾನವಾಯಿತು. ಮದುವೆಯಾಗಿ ಹೋದವರು, ಅಂಗಡಿ ಇಟ್ಟವರು, ಆಟೋ ಓಡಿಸುತ್ತಿದ್ದವರು ಎಲ್ಲರೂ ಬೈದುಕೊಂಡೇ ಬಂದು ಫೀಸು ಕಟ್ಟಿ ಬೆಂಚಿನ ಮೇಲೆ ಕುಳಿತರು. ಒಂದು ವಾರ ಕಳೆಯುವಷ್ಟರಲ್ಲಿ ಬೈಯುವುದೂ ನಿಂತಿತು. ಯಾರ ಪಕ್ಕ ಯಾರು ಕೂರಬೇಕೆಂಬ ಜಗಳ ಶುರುವಾಯಿತು.

ಜುಲೈಯಲ್ಲಿ ವರದಿಗೆ ಫೋಟೋ ತೆಗೆಯಲು ನಾನು ಅಂತಿಮ ಬಿಎಸ್ಸಿ ತರಗತಿಗೆ ಹೋದೆ. ಹೀನಾ ಮೇಡಂ ಭೌತಶಾಸ್ತ್ರ ಹೇಳುತ್ತಿದ್ದರು. ಮೊದಲ ಬೆಂಚಿನಲ್ಲಿ ಸಂಘಮಿತ್ರಾ ಇದ್ದಳು. ಮೇಡಂ ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವ ಮುನ್ನ ಅವಳು ಉತ್ತರ ಹೇಳಿದಳು. ಮೇಡಂ ಸೀಮೆಸುಣ್ಣ ಕೆಳಗಿಟ್ಟು ಅವಳನ್ನೇ ನೋಡಿದರು.

"ಇದೆಲ್ಲಾ ನಿನಗ ಹೋದ ವರ್ಷನೇ ಕಲಿಸೀನಲ್ಲ. ಎಲ್ಲಾ ಬರ್ತದಲಾ?"

"ಬರ್ತದ್ರಿ ಮೇಡಂ."

"ಹಂಗಾದ್ರ ದಿನಾ ಯಾಕ ಬರ್ತಿ? ಮನ್ಯಾಗ ಅವ್ವಗ ಒಂದೀಟು ಕೆಲಸ ಮಾಡಿಕೊಡಬಾರದಾ?"

ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ಯಾರೂ ನಗಲಿಲ್ಲ, ಅದರಲ್ಲಿ ನಗುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

"ಹಾಜರಿ ಕಡಿಮಿ ಬಿದ್ರ ಪರೀಕ್ಷಾಕ್ಕ ಕೂಡಸಂಗಿಲ್ಲಲ್ರಿ," ಎಂದಳು.